ದುಬಾರಿ ಫೋನ್ ಕೊಂಡಿರಾ? ಮಳೆ, ಸೆಖೆ, ಯಕ್ಷಗಾನದಾಟದ ರಾತ್ರಿಯಲ್ಲಿ ಪರೀಕ್ಷಿಸಿ ನೋಡಿ

ಕಂಪನಿಯ ಅತಿ ಮೇಲಿನ ದರ್ಜೆಯ (ಫ್ಲಾಗ್‌ಶಿಪ್) ಆಂಡ್ರಾಯ್ಡ್ ಫೋನ್ ಅಂದರೆ ಈಗ 70-80 ಸಾವಿರ ರೂಪಾಯಿಯ ಮಾತು. ಕೆಲವು ಲಕ್ಷ ದಾಟುತ್ತವೆ. ಅಷ್ಟು ದುಡ್ಡು ಕೊಡುವ ಮೊದಲು ನಾಲ್ಕಾರು ವಿಡಿಯೊ ವಿಮರ್ಶೆ ನೋಡಿಯೇ ಇರುತ್ತೀರಿ. ಆದರೆ ಅವುಗಳಲ್ಲಿ ಹೆಚ್ಚಿನವು ದೊಡ್ಡ ನಗರದ ಎ.ಸಿ. ಕೋಣೆಯಲ್ಲಿ ತಯಾರಾದವು. ನಿಮ್ಮ ಫೋನ್ ಬಾಳಬೇಕಾದ್ದು ಮಂಗಳೂರಿನ ಏಪ್ರಿಲ್ ಸೆಖೆಯಲ್ಲಿ, ಉಡುಪಿಯ ಜುಲೈ ಮಳೆಯಲ್ಲಿ. ಹಾಗಾಗಿ ಫೋನ್ ಕೈಗೆ ಬಂದ ಮೇಲೆ ನೀವೇ ಒಂದು ವಿಮರ್ಶೆ ಮಾಡಿ. ಅದಕ್ಕೆ ಬೇಕಾದ್ದು ನಿಮ್ಮ ಹಳೆ ಫೋನ್ ಮತ್ತು ಒಂದು ನೋಟ್ ಪುಸ್ತಕ, ಅಷ್ಟೇ.

ಹಳೆ ಫೋನ್ ಯಾಕೆ? ‘ಕ್ಯಾಮೆರಾ ಸೂಪರ್’ ಎಂದರೆ ಓದುವವರಿಗೆ ಏನೂ ಗೊತ್ತಾಗುವುದಿಲ್ಲ. ಯಾವುದಕ್ಕಿಂತ ಸೂಪರ್ ಎಂದು ಹೇಳಬೇಕು. ಒಂದೇ ಜಾಗ, ಒಂದೇ ಹೊತ್ತು, ಎರಡು ಫೋನ್. ಆಗ ಕಾಣುವ ವ್ಯತ್ಯಾಸವೇ ನಿಜವಾದ ವಿಮರ್ಶೆ. ಎಕ್ಸ್‌ಚೇಂಜ್‌ನಲ್ಲಿ ಹಳೆಯದನ್ನು ಕೊಟ್ಟಾಗಿದ್ದರೆ ಮನೆಯವರ ಫೋನನ್ನಾದರೂ ಪಕ್ಕದಲ್ಲಿ ಇಟ್ಟುಕೊಳ್ಳಿ.

ಬಾಕ್ಸ್ ತೆರೆಯುವ ದಿನ

ಬಾಕ್ಸ್‌ನ ಸೀಲ್ ಒಡೆಯುವುದರಿಂದ ಹಿಡಿದು ಫೋನ್ ಆನ್ ಆಗುವ ತನಕ ನಡುವೆ ಎಲ್ಲೂ ನಿಲ್ಲಿಸದೆ ವಿಡಿಯೊ ಮಾಡಿ. ಮುಂದೆ ಬದಲಿ ಫೋನ್ ಕೇಳುವ ಪ್ರಸಂಗ ಬಂದರೆ ಇದೇ ನಿಮ್ಮ ಸಾಕ್ಷಿ. ಬಿಲ್ಲಿನಲ್ಲಿ ಬದಲಿ ಕೊಡುವ ಅವಧಿ ಎಷ್ಟು ದಿನ ಎಂದು ನೋಡಿ, ನೋಟ್ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ. ಪರೀಕ್ಷೆಯೆಲ್ಲ ಅದರೊಳಗೆ ಮುಗಿಯಬೇಕು. ಕೆಲವರು ಫೋನ್ ಹಾಳಾದರೆ ಮಾತ್ರ ಬದಲಿ ಕೊಡುತ್ತಾರೆ, ಇಷ್ಟವಾಗಲಿಲ್ಲ ಎಂದರೆ ಕೊಡುವುದಿಲ್ಲ. ಇದನ್ನು ಮೊದಲೇ ಓದಿಕೊಳ್ಳಿ.

ಆಮೇಲೆ *#06# ಒತ್ತಿ. ಪರದೆಯ ಮೇಲೆ ಬರುವ ಐಎಂಇಐ ಸಂಖ್ಯೆ (ಫೋನಿನ ಗುರುತಿನ ಸಂಖ್ಯೆ), ಬಾಕ್ಸಿನಲ್ಲಿರುವುದು, ಬಿಲ್ಲಿನಲ್ಲಿರುವುದು ಮೂರೂ ಒಂದೇ ಇರಬೇಕು. ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರ ಟೈಪ್ ಮಾಡಿ, ಒಂದು ಜಾಗ ಬಿಟ್ಟು, ಆ ಸಂಖ್ಯೆ ಹಾಕಿ 14422ಕ್ಕೆ ಎಸ್‌ಎಂಎಸ್ ಕಳಿಸಿದರೆ ಅದು ಯಾವ ಕಂಪನಿಯ ಯಾವ ಮಾದರಿ ಎಂಬ ಉತ್ತರ ಬರುತ್ತದೆ.

ರಾತ್ರಿ ಕೋಣೆಯ ಲೈಟ್ ಆರಿಸಿ. ಪರದೆಯ ಬೆಳಕನ್ನು ಪೂರ್ತಿ ಇಳಿಸಿ, ಬರೀ ಬೂದು ಬಣ್ಣದ ಒಂದು ಚಿತ್ರ ತೆರೆಯಿರಿ. ಒಂದು ಬದಿ ಹಸಿರಾಗಿ, ಇನ್ನೊಂದು ಬದಿ ಕೆಂಪಾಗಿ ಕಂಡರೆ, ಗೆರೆಗಳಿದ್ದರೆ, ಅದು ಆ ಪರದೆಯ ದೋಷ. ಹಗಲಿನಲ್ಲಿ ಇದು ಕಣ್ಣಿಗೆ ಬೀಳುವುದೇ ಇಲ್ಲ. ಬದಲಿ ಕೇಳಲು ಇದಕ್ಕಿಂತ ಒಳ್ಳೆಯ ಕಾರಣ ಬೇರೆ ಇಲ್ಲ.

ಮೊದಲು ಮಾತು, ಆಮೇಲೆ ಉಳಿದದ್ದು

ಬ್ಯಾಟರಿಯನ್ನು ಮೊದಲ ಎರಡು ಮೂರು ದಿನ ಅಳೆಯಲು ಹೋಗಬೇಡಿ. ಆಗ ಫೋನ್ ಹಿಂದಿನಿಂದ ಆ್ಯಪ್‌ಗಳನ್ನು ಅಪ್‌ಡೇಟ್ ಮಾಡುತ್ತಾ, ನಿಮ್ಮ ಸಾವಿರಾರು ಫೋಟೊಗಳನ್ನು ಜೋಡಿಸುತ್ತಾ ಇರುತ್ತದೆ. ಚಾರ್ಜ್ ಬೇಗ ಇಳಿಯುವುದು ಸಹಜ. ಆ ದಿನಗಳನ್ನು ಕರೆ ಮತ್ತು ನೆಟ್‌ವರ್ಕ್ ಪರೀಕ್ಷೆಗೆ ಇಡಿ.

ಮುರಕಲ್ಲಿನ ದಪ್ಪ ಗೋಡೆಯ ಹಳೆ ಮನೆಯಿದ್ದರೆ ನೀವು ಪುಣ್ಯವಂತರು, ಇದಕ್ಕಿಂತ ಒಳ್ಳೆಯ ಪರೀಕ್ಷಾ ಕೇಂದ್ರ ಸಿಗುವುದಿಲ್ಲ. ಸಿಗ್ನಲ್ ಸಿಗದ ಮೂಲೆ ಯಾವುದೆಂದು ಮನೆಯವರಿಗೆಲ್ಲ ಗೊತ್ತೇ ಇರುತ್ತದೆ, ಅಲ್ವಾ? ಹಳೆ ಫೋನಿನ ಸಿಮ್ ತೆಗೆದು ಹೊಸದಕ್ಕೆ ಹಾಕಿ, ಅದೇ ಮೂಲೆಯಲ್ಲಿ ನಿಂತು ಅಮ್ಮನಿಗೋ ಅತ್ತೆಗೋ ಫೋನ್ ಮಾಡಿ. ‘ನಿನ್ನ ಸ್ವರ ಬಾವಿಯೊಳಗಿನಿಂದ ಬಂದ ಹಾಗೆ ಕೇಳ್ತದೆ ಮಗಾ’ ಎಂದು ಅವರು ಹೇಳಿದರೆ ಅದನ್ನು ಹಾಗೆಯೇ ಬರೆದುಕೊಳ್ಳಿ. ಯಾವ ಆ್ಯಪ್ ಕೂಡ ಇಷ್ಟು ಸರಿಯಾದ ವರದಿ ಕೊಡುವುದಿಲ್ಲ. ಆಮೇಲೆ ಮಂಗಳೂರು-ಉಡುಪಿ ಬಸ್ಸಿನಲ್ಲಿ ಕುಳಿತು ಹೆದ್ದಾರಿ 66ರಲ್ಲಿ ಒಂದು ಉದ್ದದ ಕರೆ ಮಾಡಿ. ಸಿಗ್ನಲ್ ಹೋದದ್ದು ಎಲ್ಲಿ ಎಂಬುದಕ್ಕಿಂತ, ಹೋದ ಮೇಲೆ ಎಷ್ಟು ಬೇಗ ವಾಪಸ್ ಬಂತು ಎಂಬುದನ್ನು ನೋಡಿ. ಚಾರ್ಮಾಡಿ ಅಥವಾ ಆಗುಂಬೆ ಘಾಟಿ ಹತ್ತುವ ಕೆಲಸವಿದ್ದರೆ ಅಲ್ಲಿಯೂ ಇದನ್ನೇ ಗಮನಿಸಿ.

ನಮ್ಮಲ್ಲಿ ಗಲ್ಫ್‌ನಿಂದ ಅಣ್ಣನೋ ಭಾವನೋ ತಂದುಕೊಟ್ಟ ಫೋನ್‌ಗಳು ಜಾಸ್ತಿ. ಅಂಥ ಫೋನಾದರೆ ಇನ್ನೂ ಹುಷಾರಾಗಿ ನೋಡಬೇಕು. ಭಾರತದಲ್ಲಿ 5ಜಿ ಶುರುವಾದದ್ದು 2022ರ ಅಕ್ಟೋಬರ್‌ನಲ್ಲಿ. ಇಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎನ್78 ಎಂಬ ಬ್ಯಾಂಡ್ (ಸಿಗ್ನಲ್ ಹರಿಯುವ ತರಂಗಗಳ ಪಟ್ಟಿ). ಜಿಯೊ ಇದರ ಜೊತೆ 700 ಮೆಗಾಹರ್ಟ್ಸ್‌ನ ಎನ್28 ಕೂಡ ಬಳಸುತ್ತದೆ. ಇವೆರಡೂ ನಿಮ್ಮ ಮಾದರಿಯಲ್ಲಿ ಇವೆಯೇ ಎಂದು ಕಂಪನಿಯ ಪಟ್ಟಿಯಲ್ಲಿ ನೋಡಿ. ವೋಲ್ಟಿ ಕರೆ (4ಜಿ ನೆಟ್‌ವರ್ಕ್‌ನಲ್ಲೇ ಹೋಗುವ ಕರೆ), ವೈಫೈ ಕರೆ ಕೆಲಸ ಮಾಡುತ್ತವೆಯೇ ಎಂದು ಮಾಡಿ ನೋಡಿ. ಕೆಲವು ಬ್ರ್ಯಾಂಡ್‌ಗಳಲ್ಲಿ ಮೊದಲು ಅಲ್ಲಿನ ಸಿಮ್ ಹಾಕಿ ಮಾತಾಡಿದರೆ ಮಾತ್ರ ಫೋನ್ ಬೇರೆ ದೇಶದ ಸಿಮ್ ಒಪ್ಪುತ್ತದೆ. ಹೊರಡುವ ಮೊದಲೇ ಅವರಿಗೆ ಇದನ್ನು ಹೇಳಿಬಿಡಿ. ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದೂ ಕೇಳಿ.

ಬಿಸಿಲು, ಮಳೆ, ಉಪ್ಪು

ಪರದೆ 4,000 ನಿಟ್ಸ್ (ಪರದೆಯ ಬೆಳಕಿನ ಅಳತೆ) ಬೆಳಕು ಕೊಡುತ್ತದೆ ಎಂದು ಜಾಹೀರಾತು ಹೇಳುತ್ತದೆ. ಸಾಮಾನ್ಯವಾಗಿ ಅದು ಪರದೆಯ ಒಂದು ಸಣ್ಣ ಭಾಗದಲ್ಲಿ, ಸ್ವಲ್ಪ ಹೊತ್ತು ಮಾತ್ರ ಸಿಗುವ ಬೆಳಕು. ನಿಮಗೆ ಬೇಕಾದ್ದು ನಡು ಮಧ್ಯಾಹ್ನ ಮಲ್ಪೆಯ ಮರಳಿನ ಮೇಲೆ ನಿಂತಾಗ ವಾಟ್ಸ್‌ಆ್ಯಪ್ ಓದಲು ಆಗುತ್ತದೆಯೇ ಎಂಬುದು. ಎರಡೂ ಫೋನಿನಲ್ಲಿ ಒಂದೇ ಫೋಟೊ ತೆರೆದು ಪಕ್ಕ ಪಕ್ಕ ಹಿಡಿಯಿರಿ. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಫೋನ್ ಬಿಸಿಯಾದಾಗ ತಾನಾಗಿ ಬೆಳಕು ಇಳಿಸುತ್ತದೆ. ಯಾವುದು ಎಷ್ಟು ಇಳಿಸಿತು ಎಂಬುದೇ ಇಲ್ಲಿ ಮುಖ್ಯ.

ಈಗ ನೀರಿನ ವಿಚಾರ. ದಕ್ಷಿಣ ಕನ್ನಡ, ಉಡುಪಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಬಾಕ್ಸಿನ ಮೇಲೆ ಐಪಿ68 ಎಂದಿದ್ದರೆ ಧೂಳು ಒಳಗೆ ಹೋಗುವುದಿಲ್ಲ, ಕಂಪನಿ ಹೇಳಿದಷ್ಟು ಆಳದ ನೀರಿನಲ್ಲಿ ಹೇಳಿದಷ್ಟು ಹೊತ್ತು ತಡೆಯುತ್ತದೆ ಎಂದರ್ಥ. ಹೆಚ್ಚಾಗಿ ಅದು ಒಂದೂವರೆ ಮೀಟರ್, 30 ನಿಮಿಷ. ಆದರೆ ಆ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ. ಸಮುದ್ರದ ನೀರಿಗೆ ಆ ಮಾತು ಅನ್ವಯಿಸುವುದಿಲ್ಲ. ನೀರು ಹೊಕ್ಕು ಕೆಟ್ಟರೆ ಸಾಮಾನ್ಯವಾಗಿ ವಾರಂಟಿಯೂ ಸಿಗುವುದಿಲ್ಲ. ಸುಮ್ನೆ ಬಕೆಟ್‌ನಲ್ಲಿ ಮುಳುಗಿಸಿ ನೋಡಬೇಡಿ. ಪಣಂಬೂರಿನ ಅಲೆಯಲ್ಲಿ ಅದ್ದಿ ವಿಡಿಯೊ ಮಾಡುವುದಂತೂ ಖಂಡಿತ ಬೇಡ.

ಪರೀಕ್ಷಿಸಬೇಕಾದ್ದು ಬೇರೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನ್. ಪರದೆಯ ಮೇಲೆ ಹನಿ ಬಿದ್ದಿದೆ, ಬೆರಳೂ ಒದ್ದೆ. ಈಗ ಬಂದ ಕರೆ ಎತ್ತಲು ಆಗುತ್ತದೆಯೇ? ಬೆರಳಚ್ಚು ತೆಗೆದುಕೊಳ್ಳುತ್ತದೆಯೇ? ಬೆಳಕು ಹಾಯಿಸಿ ಓದುವ ಸೆನ್ಸರ್‌ಗಳು ಒದ್ದೆ ಬೆರಳಿಗೆ ತಡವರಿಸುತ್ತವೆ. ಶಬ್ದದ ಅಲೆಯಿಂದ ಓದುವ ಅಲ್ಟ್ರಾಸಾನಿಕ್ ಸೆನ್ಸರ್ ಇಲ್ಲಿ ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮ ನಾಲ್ಕು ತಿಂಗಳ ಮಳೆಗೆ ಇದು ಪ್ರೊಸೆಸರ್ ವೇಗಕ್ಕಿಂತ ದೊಡ್ಡ ವಿಷಯ ಎಂದೇ ನನ್ನ ಅಭಿಪ್ರಾಯ.

ಚಾರ್ಜಿಂಗ್ ಪೋರ್ಟ್‌ನಲ್ಲಿ ತೇವವಿದೆ ಎಂಬ ಎಚ್ಚರಿಕೆ ಬಂದರೆ ಚಾರ್ಜರ್ ಹಾಕಬೇಡಿ. ಪೋರ್ಟ್ ಕೆಳಗೆ ಮಾಡಿ ಅಂಗೈಗೆ ಮೆಲ್ಲನೆ ತಟ್ಟಿ, ಫ್ಯಾನ್ ಗಾಳಿಗೆ ಇಡಿ. ಅಕ್ಕಿ ಡಬ್ಬಿಯಲ್ಲಿ ಹುಗಿಯುವುದು ಬೇಡ, ಅಕ್ಕಿಯ ಹುಡಿ ಒಳಗೆ ಸೇರಿಕೊಳ್ಳುತ್ತದೆ. ಎ.ಸಿ. ಕಾರಿನಿಂದ ಇಳಿದ ಕೂಡಲೇ ಲೆನ್ಸ್ ಮಂಜಾಗುವುದು ಕರಾವಳಿಯಲ್ಲಿ ಸಾಮಾನ್ಯ. ಹೊರಗಿನ ಮಂಜು ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಒರೆಸಿದರೂ ಹೋಗದೆ ಗಾಜಿನ ಒಳಗೇ ನಿಂತರೆ ಫೋಟೊ ತೆಗೆದಿಟ್ಟು ಸರ್ವಿಸ್ ಸೆಂಟರ್‌ಗೆ ತೋರಿಸಿ.

ಬಿಸಿಯ ಪರೀಕ್ಷೆಗೆ 3ಡಿಮಾರ್ಕ್ ಆ್ಯಪ್‌ನ ‘ವೈಲ್ಡ್ ಲೈಫ್ ಸ್ಟ್ರೆಸ್ ಟೆಸ್ಟ್’ ಸಾಕು. ಒಂದೇ ಗ್ರಾಫಿಕ್ಸ್ ಕೆಲಸವನ್ನು ಅದು 20 ಸಲ ಮಾಡಿಸಿ, ಅತಿ ಹೆಚ್ಚಿನ ಅಂಕಕ್ಕೆ ಹೋಲಿಸಿದರೆ ಅತಿ ಕಡಿಮೆ ಅಂಕ ಶೇಕಡಾ ಎಷ್ಟು ಎಂದು ಹೇಳುತ್ತದೆ. ಎ.ಸಿ.ಯಲ್ಲಿ ಒಮ್ಮೆ, ಮಧ್ಯಾಹ್ನ ಬರೀ ಫ್ಯಾನ್ ಹಾಕಿದ ಕೋಣೆಯಲ್ಲಿ ಒಮ್ಮೆ ಓಡಿಸಿ. ನೀವು ದಿನಾ ಹಾಕುವ ಕವರ್ ಇದ್ದೇ ಇರಲಿ.

ಆಟದ ಮುಂದೆ ಕ್ಯಾಮೆರಾ

ಕ್ಯಾಮೆರಾ ಪರೀಕ್ಷೆಗೆ ಯಕ್ಷಗಾನಕ್ಕಿಂತ ಕಠಿಣವಾದ ಜಾಗ ನಾನು ಕಂಡಿಲ್ಲ. ಸುತ್ತ ಕತ್ತಲೆಯ ಗದ್ದೆ, ರಂಗಸ್ಥಳದಲ್ಲಿ ಕಣ್ಣು ಕುಕ್ಕುವ ಬೆಳಕು. ಕೆಂಪು, ಹಳದಿ, ಕಿರೀಟದ ಹೊಳಪು. ಮೇಲಾಗಿ ವೇಷ ಒಂದು ಕ್ಷಣ ನಿಂತಲ್ಲಿ ನಿಲ್ಲುವುದಿಲ್ಲ. ಮಧ್ಯದ ಸಾಲಿನಲ್ಲಿ ಕುಳಿತುಕೊಳ್ಳಿ. ಫ್ಲ್ಯಾಶ್ ಆರಿಸಿ, ಅದು ಕಲಾವಿದರಿಗೆ ತೊಂದರೆ.

ಮೊದಲು ನಿಮ್ಮ ಫೋನಿನ ಟೆಲಿಫೋಟೊ, ಅಂದರೆ ದೂರದ್ದನ್ನು ಹತ್ತಿರ ತೋರಿಸುವ ಲೆನ್ಸ್, ಎಷ್ಟು ಪಟ್ಟಿನದೋ ಅಷ್ಟು ಜೂಮ್ ಮಾಡಿ. ಈಗ ಟೆಲಿಫೋಟೊ ಲೆನ್ಸ್ ಮೇಲೆ ಬೆರಳಿಡಿ. ಪರದೆ ಕಪ್ಪಾದರೆ ಫೋನ್ ನಿಜವಾಗಿ ಆ ಲೆನ್ಸ್ ಬಳಸುತ್ತಿದೆ. ಚಿತ್ರ ಹಾಗೇ ಇದ್ದರೆ ಅದು ಮುಖ್ಯ ಕ್ಯಾಮೆರಾದ ಚಿತ್ರವನ್ನೇ ಕತ್ತರಿಸಿ ದೊಡ್ಡದು ಮಾಡಿ ತೋರಿಸುತ್ತಿದೆ. ಬೆಳಕು ಕಡಿಮೆಯಾದಾಗ ತುಂಬಾ ಫೋನ್‌ಗಳು ಹೀಗೆ ಮಾಡುತ್ತವೆ. ದುಬಾರಿ ಟೆಲಿಫೋಟೊ ನಂಬಿ ದುಡ್ಡು ಕೊಟ್ಟವರು ಇದನ್ನು ತಿಳಿಯಲೇಬೇಕು.

ಆಮೇಲೆ ವೇಷ ದಿಗಿಣ (ಸುತ್ತುತ್ತ ಹಾರುವ ಕುಣಿತ) ಹಾಕುವಾಗ ಎರಡೂ ಫೋನಿನಲ್ಲಿ ಸಾಲಾಗಿ ಹತ್ತು ಫೋಟೊ ತೆಗೆಯಿರಿ. ಎಷ್ಟರಲ್ಲಿ ಕೈ, ಮುಖ ಸ್ಪಷ್ಟವಾಗಿವೆ ಎಂದು ಎಣಿಸಿ. ಫೋನಿನ ಪರದೆಯಲ್ಲಿ ನೋಡಿ ತೀರ್ಮಾನ ಮಾಡಬೇಡಿ, ಎಲ್ಲವೂ ಚೆಂದ ಕಾಣುತ್ತವೆ. ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿ. ಕೆಂಪು ದಗಲೆಯ (ವೇಷದ ಅಂಗಿಯ) ನೆರಿಗೆಗಳು ಕಾಣುತ್ತವೆಯೇ, ಅಥವಾ ಬರೀ ಕೆಂಪು ಬಣ್ಣ ಬಳಿದ ಹಾಗಿದೆಯೇ? ಮುಖದ ಬಣ್ಣಗಾರಿಕೆಯ ಸಣ್ಣ ಗೆರೆಗಳನ್ನು ಫೋನ್ ನುಣ್ಣಗೆ ಒರೆಸಿಬಿಟ್ಟಿದೆಯೇ?

ವಿಡಿಯೊದಲ್ಲಿ ಚಿತ್ರದಷ್ಟೇ ಶಬ್ದವನ್ನೂ ಕೇಳಿ. ಚೆಂಡೆ ಜೋರಾದಾಗ ಹಲವು ಫೋನಿನ ಮೈಕ್ ಒಡೆದ ಸ್ವರ ಹಿಡಿಯುತ್ತದೆ. ಇನ್ನು ಕೆಲವು ಚೆಂಡೆಯ ಅಬ್ಬರಕ್ಕೆ ಭಾಗವತರ ಪದವನ್ನೂ ತಗ್ಗಿಸಿಬಿಡುತ್ತವೆ. ಒಳ್ಳೆಯ ಇಯರ್‌ಫೋನ್ ಹಾಕಿ ಕೇಳಿದರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಭೂತಕೋಲದ ಜಾಗಕ್ಕೆ ಮಾತ್ರ ಈ ಪರೀಕ್ಷೆ ಬೇಡ. ಹಲವು ಕಡೆ ಫೋಟೊ, ವಿಡಿಯೊ ನಿಷೇಧವಿದೆ. ಇಲ್ಲದ ಕಡೆಯೂ ಅದು ನಂಬಿಕೆಯ ಜಾಗ.

ಹಗಲಿನ ಪರೀಕ್ಷೆಗೆ ಒಂದು ಚೆಂಡು ಉಡುಪಿ ಮಲ್ಲಿಗೆ ಸಾಕು. ಬಿಸಿಲಿನಲ್ಲಿ ಇಟ್ಟು ಫೋಟೊ ತೆಗೆಯಿರಿ. ಒಂದೊಂದು ಮೊಗ್ಗು ಬೇರೆ ಬೇರೆಯಾಗಿ ಕಂಡರೆ ಕ್ಯಾಮೆರಾ ಬೆಳಕನ್ನು ಸರಿಯಾಗಿ ಹಿಡಿದಿದೆ. ಬಾಳೆ ಎಲೆಯ ಮೇಲಿನ ನೀರುದೋಸೆ ಹಳದಿಯಾಗಿಯೋ ನೀಲಿಯಾಗಿಯೋ ಬಂದರೆ ಬಣ್ಣದ ಲೆಕ್ಕ ತಪ್ಪಿದೆ. ಕಂಬಳಕ್ಕೆ ಹೋಗುವವರು ಕೋಣಗಳು ಓಡುವಾಗ ಬಟನ್ ಒತ್ತಿದ ಕ್ಷಣವೇ ಫೋಟೊದಲ್ಲಿ ಸಿಕ್ಕಿದೆಯೇ, ಅಥವಾ ಕೋಣ ಆಗಲೇ ದಾಟಿದೆಯೇ ನೋಡಿ.

ಬೈಕಿನ ಹ್ಯಾಂಡಲ್‌ಗೆ ಹೋಲ್ಡರ್ ಕಟ್ಟಿ ಫೋನ್ ಸಿಕ್ಕಿಸುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಎಂಜಿನ್ನಿನ ನಡುಕದಿಂದ ಕೈ ನಡುಗಿದರೂ ಚಿತ್ರ ಅಲುಗದಂತೆ ನೋಡಿಕೊಳ್ಳುವ ಕ್ಯಾಮೆರಾದ ಸ್ಟೆಬಿಲೈಸೇಶನ್ ಭಾಗ ಹಾಳಾಗುವುದುಂಟು.

ಬ್ಯಾಟರಿ, ಕನ್ನಡ, ಅಪ್‌ಡೇಟ್

ನಾಲ್ಕನೇ ದಿನದಿಂದ ಬ್ಯಾಟರಿ ನೋಡಿ. ಮಲಗುವಾಗ ಎಷ್ಟು ಶೇಕಡಾ, ಎದ್ದಾಗ ಎಷ್ಟು ಎಂದು ಬರೆಯಿರಿ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳಲಾಗದ ಊರು ನಮ್ಮದು. ಹಾಗಾಗಿ ಪೂರ್ತಿ ಚಾರ್ಜ್ ಆಗಲು ಎಷ್ಟು ಹೊತ್ತು ಎನ್ನುವುದಕ್ಕಿಂತ, 15 ನಿಮಿಷದಲ್ಲಿ ಎಷ್ಟು ಏರಿತು ಎಂಬುದು ಹೆಚ್ಚು ಉಪಯೋಗದ ಅಂಕಿ. ಸ್ಯಾಮ್‌ಸಂಗ್, ಗೂಗಲ್‌ನ ದುಬಾರಿ ಫೋನುಗಳ ಬಾಕ್ಸಿನಲ್ಲಿ ಚಾರ್ಜರ್ ಇರುವುದಿಲ್ಲ. ಮನೆಯಲ್ಲಿರುವ ಚಾರ್ಜರ್‌ನಿಂದಲೇ ಅಳೆಯಿರಿ, ಯಾವ ಚಾರ್ಜರ್ ಎಂದೂ ಬರೆಯಿರಿ.

ನಮ್ಮ ಕಡೆಯ ಕನ್ನಡದಲ್ಲೇ ಮಾತಾಡಿ ಧ್ವನಿ ಟೈಪಿಂಗ್ ಮಾಡಿಸಿ. ‘ಬರ್ತದೆ’, ‘ಹೋಗ್ಲಿಕ್ಕುಂಟು’ ಎಂದರೆ ಅದು ಏನು ಬರೆಯುತ್ತದೆ ನೋಡಿ. ನೋಟಿಫಿಕೇಶನ್‌ನಲ್ಲಿ ಒತ್ತಕ್ಷರಗಳು ಕೆಳಗೆ ಕತ್ತರಿಸಿ ಹೋಗಿವೆಯೇ ಎಂದೂ ಗಮನಿಸಿ.

ಅಪ್‌ಡೇಟ್ ವಿಷಯದಲ್ಲಿ ಲೆಕ್ಕ ಶುರುವಾಗುವುದು ನೀವು ಕೊಂಡ ದಿನದಿಂದ ಅಲ್ಲ, ಫೋನ್ ಮಾರುಕಟ್ಟೆಗೆ ಬಂದ ದಿನದಿಂದ. ಗೂಗಲ್ 2023ರ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ 2024ರ ಗ್ಯಾಲಕ್ಸಿ ಎಸ್24ಕ್ಕೆ 7 ವರ್ಷದ ಭರವಸೆ ಕೊಟ್ಟಿವೆ. ಎರಡು ವರ್ಷ ಹಳೆಯ ಫ್ಲಾಗ್‌ಶಿಪ್ ರಿಯಾಯಿತಿಯಲ್ಲಿ ಸಿಕ್ಕಿತು ಎಂದರೆ ಅಷ್ಟು ವರ್ಷ ಕಳೆದು ನೋಡಿ.

ಬರೆಯುವಾಗ ಪ್ರತಿ ಮಾತಿನ ಜೊತೆ ಎಲ್ಲಿ, ಯಾವ ಹೊತ್ತಿನಲ್ಲಿ, ಯಾವ ಫೋನಿನ ಪಕ್ಕದಲ್ಲಿ ಎಂದು ಸೇರಿಸಿ. ಫೋಟೊಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಬೇಡಿ, ಅದು ಗಾತ್ರ ಇಳಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಒಂದು ಮಳೆಗಾಲ ಕಳೆದ ಮೇಲೆ ಟಾರ್ಚ್ ಹಿಡಿದು ಚಾರ್ಜಿಂಗ್ ಪೋರ್ಟ್ ಒಳಗೆ ನೋಡಿ. ಪಿನ್‌ಗಳ ಮೇಲೆ ಹಸಿರು ಕಿಲುಬು ಕಂಡರೆ ಅದನ್ನೂ ತಾರೀಕು ಹಾಕಿ ವಿಮರ್ಶೆಗೆ ಸೇರಿಸಿ.