ಬಕೆಟ್ ಹಿಡಿದು ಕೌಂಟಿ ಚುನಾವಣೆ ಗೆದ್ದದ್ದು: ನನ್ನ ಅನುಭವ

"ಮಣ್ಣು ಪರೀಕ್ಷೆ ಮಾಡಿಸಿ ಅಂತ ಮನೆ ಮನೆ ಸುತ್ತಿದರೆ ಯಾರಪ್ಪಾ ವೋಟು ಹಾಕ್ತಾರೆ?" ಎಂದು ನಕ್ಕವರೇ ಈಗ ಫೋನ್ ಮಾಡಿ ಹೇಗೆ ಮಾಡಿದೆ ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು. ಒಂದೇ ಸಲ ಬರೆದು ಮುಗಿಸುತ್ತೇನೆ.

ನಾನು ನಿಂತದ್ದು ಅಮೆರಿಕದ ವರ್ಜೀನಿಯಾ ರಾಜ್ಯದ ಉತ್ತರ ಭಾಗದ ಒಂದು ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯ ಥರ. ಹುದ್ದೆ, ಮಣ್ಣು ನೀರು ಕಾಪಾಡುವ ಸ್ಥಳೀಯ ಸಂಸ್ಥೆಯಾದ ಸಾಯಿಲ್ ಅಂಡ್ ವಾಟರ್ ಕನ್ಸರ್ವೇಶನ್ ಡಿಸ್ಟ್ರಿಕ್ಟ್‌ನ ಡೈರೆಕ್ಟರ್. ಇಲ್ಲಿ ವೋಟು ಹಾಕುವವರಿಗೆ ಗೊತ್ತಿರುತ್ತೆ, ಬ್ಯಾಲೆಟ್‌ನಲ್ಲಿ ಶೆರಿಫ್, ಸೂಪರ್‌ವೈಸರ್, ಸ್ಕೂಲ್ ಬೋರ್ಡ್ ಎಲ್ಲಾ ಮುಗಿದ ಮೇಲೆ ಕೆಳಗೆಲ್ಲೋ ಬರುವ ಹೆಸರುಗಳು. ಸಂಬಳ ಇಲ್ಲ. ನಾಲ್ಕು ವರ್ಷದ ಅವಧಿ. ನಮ್ಮಲ್ಲಿ ಮೂರು ಸೀಟು, ಇಡೀ ಕೌಂಟಿಯ ವೋಟು, ಒಬ್ಬರು ಮೂವರ ತನಕ ಗುರುತು ಹಾಕಬಹುದು. ಹೆಸರಿನ ಮುಂದೆ ಪಕ್ಷ ಇರಲ್ಲ. ಎಷ್ಟೋ ಜನ ಆ ಜಾಗಕ್ಕೆ ಬರುವಷ್ಟರಲ್ಲಿ ಸುಸ್ತಾಗಿ ಖಾಲಿ ಬಿಟ್ಟು ಹೋಗುತ್ತಾರೆ. ನನ್ನ ಲೆಕ್ಕಾಚಾರವೆಲ್ಲ ಆ ಖಾಲಿ ಜಾಗದ ಮೇಲೆ.

2019ರಲ್ಲಿ ಇದೇ ಹುದ್ದೆಗೆ ನಿಂತಾಗ ಎಲ್ಲರೂ ಮಾಡುವ ಹಾಗೆ ಮಾಡಿದ್ದೆ. ಅಂಗಳದಲ್ಲಿ ನೆಡುವ ಬೋರ್ಡು, ತಂತಿ ಕಾಲು ಸೇರಿ ಒಂದಕ್ಕೆ ನಾಲ್ಕೈದು ಡಾಲರ್. ಪೋಸ್ಟ್ ಕಾರ್ಡು, ಅಂಚೆ ಖರ್ಚು ಸೇರಿ ಒಂದಕ್ಕೆ ಅರವತ್ತು ಸೆಂಟ್ ಹತ್ತಿರ. ಒಂದು ವೆಬ್‌ಸೈಟು, ಎರಡು ಬ್ಯಾನರು, ಒಂದು ಡಿನ್ನರು. ಏಳು ಸಾವಿರ ಡಾಲರ್ ಹತ್ತಿರ ಹೋಯಿತು. ಅದರಲ್ಲಿ ಐದು ಸಾವಿರ ನನ್ನ ಜೇಬಿನದೇ. ಬೋರ್ಡುಗಳಲ್ಲಿ ಎಷ್ಟೋ ಮಾಯವಾದವು. ರಸ್ತೆ ಪಕ್ಕದ ಸರ್ಕಾರಿ ಜಾಗದಲ್ಲಿ ನೆಡುವ ಹಾಗಿಲ್ಲ, ಆದರೂ ಹುಮ್ಮಸ್ಸಿನ ಹುಡುಗರು ನೆಟ್ಟುಬಿಟ್ಟಿದ್ದರು. ಕೊನೆಗೆ ಸುಮಾರು ಎಂಟುನೂರು ವೋಟಿನಿಂದ ಸೋತೆ.

ಆ ಡಿನ್ನರ್ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಕನ್ನಡದವರು, ತೆಲುಗಿನವರು, ಗುಜರಾತಿಗಳು ಎಲ್ಲಾ ಬಂದಿದ್ದರು. ಬಿಸಿಬೇಳೆಬಾತ್ ಚೆನ್ನಾಗಿತ್ತು. ಭಾಷಣಕ್ಕೆ ಚಪ್ಪಾಳೆಯೂ ಚೆನ್ನಾಗಿ ಬಿತ್ತು. ಆಮೇಲೆ ಕೂತು ನೋಡಿದರೆ ಬಂದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ವೋಟೇ ಇಲ್ಲ. ಎಚ್-1ಬಿ ಕೆಲಸದ ವೀಸಾ, ಕಾಯಂ ವಾಸಕ್ಕೆ ಒಪ್ಪಿಗೆ ಕೊಡುವ ಗ್ರೀನ್ ಕಾರ್ಡ್, ಇಲ್ಲಾ ಮಕ್ಕಳ ಮನೆಗೆ ಬಂದ ಅಪ್ಪ ಅಮ್ಮ. ಎಚ್-1ಬಿಯವರು ದೇಣಿಗೆಯನ್ನೂ ಕೊಡುವ ಹಾಗಿಲ್ಲ, ಕೌಂಟಿ ಚುನಾವಣೆಗೂ ಅದೇ ಕಾನೂನು. ಸಂಬಳ ಇಲ್ಲದೆ ಕೈಜೋಡಿಸಬಹುದು, ಅಷ್ಟೇ. ಗ್ರೀನ್ ಕಾರ್ಡ್ ಇದ್ದವರು ದುಡ್ಡು ಕೊಡಬಹುದು, ವೋಟು ಹಾಕುವ ಹಾಗಿಲ್ಲ. ನಮ್ಮವರನ್ನೇ ನಂಬಿ ನಿಲ್ಲುವವರು ಮೊದಲು ಈ ಲೆಕ್ಕ ಹಾಕಿಕೊಳ್ಳಿ.

ದೇವಸ್ಥಾನ, ಸಂಘಗಳ ಕಥೆ ಇನ್ನೊಂದು. ಧರ್ಮಾರ್ಥವೆಂದು ತೆರಿಗೆ ವಿನಾಯಿತಿ ಪಡೆದ ಸಂಸ್ಥೆಗಳು ಯಾವ ಅಭ್ಯರ್ಥಿಯ ಪರವಾಗಿಯೂ ಮಾತಾಡುವ ಹಾಗಿಲ್ಲ, 1954ರಿಂದ ಇರುವ ನಿಯಮ. ಒಂದು ಸಂಘದವರು ಯುಗಾದಿ ವೇದಿಕೆಯಲ್ಲಿ ಎರಡು ನಿಮಿಷ ಕೊಡುತ್ತೇವೆ ಅಂದು, ಹಿಂದಿನ ದಿನ ರಾತ್ರಿ ಬೇಡ ಅಂದರು. ಆಗ ಬೇಜಾರಾಗಿತ್ತು. ಈಗ ನೋಡಿದರೆ ಒಳ್ಳೆಯದೇ ಆಯಿತು. ವೇದಿಕೆ ಸಿಗದ ಮೇಲೆ ಊಟ ಬಡಿಸುವ ಸಾಲಿನಲ್ಲಿ ನಿಂತೆ. ಎರಡು ನಿಮಿಷದ ಭಾಷಣದಲ್ಲಿ ಗುರುತಾಗುವುದಕ್ಕಿಂತ ಜಾಸ್ತಿ ಜನಕ್ಕೆ ಹೋಳಿಗೆ ಹಾಕುತ್ತಾ ಗುರುತಾದೆ.

ಸರಿ, ಮಣ್ಣಿನ ವಿಷಯಕ್ಕೆ ಬರುತ್ತೇನೆ.

ನಾನು ತಿಪಟೂರು ಕಡೆಯವನು. ಇಲ್ಲಿ ಮನೆ ಕೊಂಡಾಗ ಹುಲ್ಲು ಬರಲೇ ಇಲ್ಲ. ಬಿಲ್ಡರ್‌ಗಳು ಮೇಲ್ಮಣ್ಣು ಕೆರೆದು ಹಾಕಿ ಮನೆ ಕಟ್ಟುತ್ತಾರೆ, ಉಳಿಯುವುದು ಕೆಂಪು ಜೇಡಿ. ಮಳೆ ಬಂದರೆ ನಾದಿದ ಚಪಾತಿ ಹಿಟ್ಟು, ಬಿಸಿಲು ಬಂದರೆ ಅದೇ ಸುಟ್ಟ ಚಪಾತಿ. ಸಾಲದ್ದಕ್ಕೆ ಹುಳಿ ಮಣ್ಣು. ಜನ ಸುಮ್ನೆ ವರ್ಷಕ್ಕೆ ನಾಲ್ಕು ಸಲ ಗೊಬ್ಬರದ ಕಂಪನಿಗೆ ದುಡ್ಡು ಸುರಿಯುತ್ತಾರೆ. ಹುಲ್ಲಿಗೆ ಬೇಕಾಗಿರುವುದು ಎಷ್ಟೋ ಕಡೆ ಬರೀ ಸುಣ್ಣ. ಹಾಕಿದ ಗೊಬ್ಬರ ಮಳೆಗೆ ಕೊಚ್ಚಿಕೊಂಡು ತೊರೆಗೆ ಹೋಗಿ, ಅಲ್ಲಿಂದ ಪೊಟೊಮ್ಯಾಕ್, ಅಲ್ಲಿಂದ ಚೆಸಪೀಕ್ ಕೊಲ್ಲಿ ಸೇರುತ್ತೆ. ಈ ಡಿಸ್ಟ್ರಿಕ್ಟ್ ಇರುವುದೇ ಇದನ್ನು ತಡೆಯುವುದಕ್ಕೆ. ಆ ಕೆಲಸ ಮಾಡುತ್ತೇನೆ ಎಂದು ಭಾಷಣ ಬಿಗಿಯುವ ಬದಲು ಈಗಲೇ ಮಾಡಿ ತೋರಿಸಿದರೆ ಏನಾಗುತ್ತೆ? 2023ಕ್ಕೆ ಇಟ್ಟುಕೊಂಡ ಯೋಜನೆ ಇಷ್ಟೇ.

ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಮಣ್ಣಿನ ಲ್ಯಾಬ್ ಬ್ಲ್ಯಾಕ್ಸ್‌ಬರ್ಗ್‌ನಲ್ಲಿದೆ. ಮಾದರಿ ಕಳಿಸುವ ಡಬ್ಬಿ, ಫಾರಂ ಕೃಷಿ ಸಲಹೆ ಕೊಡುವ ಎಕ್ಸ್‌ಟೆನ್ಶನ್ ಆಫೀಸಿನಲ್ಲಿ ಪುಕ್ಕಟೆ ಸಿಗುತ್ತೆ. ಸಾಧಾರಣ ಪರೀಕ್ಷೆಗೆ ಆಗ ಹತ್ತು ಡಾಲರ್ ಇತ್ತು. ನನ್ನ ಹತ್ರ ಮಣ್ಣಿಗೆ ಚುಚ್ಚಿ ಮಾದರಿ ತೆಗೆಯುವ ಒಂದು ಸಾಯಿಲ್ ಪ್ರೋಬ್, ಎರಡು ಪ್ಲಾಸ್ಟಿಕ್ ಬಕೆಟ್. ಪ್ಲಾಸ್ಟಿಕ್ಕೇ ಆಗಬೇಕು. ಸತುವಿನ ಲೇಪ ಇರುವ ತಗಡಿನ ಬಕೆಟ್ ಆದರೆ ರಿಪೋರ್ಟಿನಲ್ಲಿ ಸತು ಜಾಸ್ತಿ ತೋರಿಸುತ್ತೆ. ಅಂಗಳದಲ್ಲಿ ಅಡ್ಡಾದಿಡ್ಡಿ ನಡೆದು ಹತ್ತು ಹನ್ನೆರಡು ಕಡೆ ಪ್ರೋಬ್ ಚುಚ್ಚಿ, ಹುಲ್ಲು ಬೇರು ಕಿತ್ತು, ಬಕೆಟ್‌ನಲ್ಲಿ ಕಲಸಿ, ಒಂದು ಡಬ್ಬಿ ತುಂಬಿಸುವುದು. ಹುಲ್ಲಿಗಾದರೆ ನಾಲ್ಕಿಂಚು ಆಳ ಸಾಕು, ತರಕಾರಿ ಮಡಿಗೆ ಆರಿಂಚು. ಇಪ್ಪತ್ತು ನಿಮಿಷದ ಕೆಲಸ. ಮನೆಯವರು ಪಕ್ಕದಲ್ಲೇ ನಿಂತಿರುತ್ತಾರೆ. ಬಾಗಿಲು ತಟ್ಟಿ ಕರಪತ್ರ ಕೊಟ್ಟರೆ ಹನ್ನೆರಡು ಸೆಕೆಂಡ್ ಸಿಗುತ್ತೆ. ಇಲ್ಲಿ ಇಪ್ಪತ್ತು ನಿಮಿಷ, ಅದೂ ಅವರೇ ಪ್ರಶ್ನೆ ಕೇಳುತ್ತಾ.

ಹತ್ತು ಡಾಲರ್ ನೀನೇ ಕೊಟ್ಟುಬಿಡು, ಜನ ಖುಷಿಯಾಗುತ್ತಾರೆ ಎಂದು ಒಬ್ಬ ಗೆಳೆಯ ಜೀವ ತಿಂದ. ಊರಲ್ಲಿ ಕುಕ್ಕರ್ ಹಂಚುವುದನ್ನು ನೋಡಿ ಬೆಳೆದವನು ನಾನು, ಆ ಕೆಲಸ ಇಲ್ಲಿ ಯಾಕೆ? ಕಾನೂನಿಗೂ ಸಿಕ್ಕಿಹಾಕಿಕೊಳ್ಳಬಹುದು. ಡಬ್ಬಿ ಅವರದೇ, ಚೆಕ್ ಅವರದೇ, ಮೈಬಗ್ಗಿಸುವುದು ಮಾತ್ರ ನನ್ನದು. ಎಕ್ಸ್‌ಟೆನ್ಶನ್‌ನ ಸ್ವಯಂಸೇವಕರ ಜೊತೆ ಸೇರಿಕೊಳ್ಳಲೂ ನೋಡಿದ್ದೆ. ಅವರ ಸ್ಟಾಲಿನಲ್ಲಿ ರಾಜಕೀಯ ಬೇಡ ಅಂದರು. ನ್ಯಾಯವೇ. ನನ್ನ ಬಕೆಟ್, ನನ್ನ ಹೆಸರು, ನನ್ನ ಶನಿವಾರ ಎಂದುಕೊಂಡು ಒಬ್ಬನೇ ಹೊರಟೆ.

ಈ ವಿಧಾನದಲ್ಲಿ ಜಾಣತನ ಅಂತ ಏನಾದರೂ ಇದ್ದರೆ ಅದು ತಿಂಗಳುಗಳ ಲೆಕ್ಕದಲ್ಲಿದೆ. ಇದನ್ನು ಯಾರೂ ಹೇಳಿಕೊಟ್ಟಿದ್ದಲ್ಲ, ಸ್ವಲ್ಪ ಜಂಬ ಪಡುತ್ತೇನೆ, ಪರವಾಗಿಲ್ಲ ಅಲ್ವಾ? ಇಲ್ಲಿ ಫೆಸ್ಕ್ಯೂ ಹುಲ್ಲಿಗೆ ಬೀಜ ಹಾಕುವುದು ಆಗಸ್ಟ್ ಕೊನೆಯಿಂದ ಅಕ್ಟೋಬರ್ ಒಳಗೆ. ವರ್ಜೀನಿಯಾದಲ್ಲಿ 45 ದಿನ ಮೊದಲೇ ವೋಟಿಂಗ್ ಶುರು. 2023ರಲ್ಲಿ ಚುನಾವಣೆ ನವೆಂಬರ್ 7ಕ್ಕೆ, ಅಂದರೆ ಸೆಪ್ಟೆಂಬರ್ 22ರಿಂದಲೇ ಬ್ಯಾಲೆಟ್ ಸಿಗುತ್ತಿತ್ತು. ಆಗಸ್ಟ್‌ನಲ್ಲಿ ಮಣ್ಣು ತೆಗೆದರೆ ಸೆಪ್ಟೆಂಬರ್ ಹೊತ್ತಿಗೆ ರಿಪೋರ್ಟು ಬಂದಿರುತ್ತೆ. ರಿಪೋರ್ಟು ಓದಿ ಹೇಳುವುದಕ್ಕೆ ಮತ್ತೆ ಅದೇ ಮನೆಗೆ ಹೋಗಬೇಕು. ಪಿಎಚ್ ಇಷ್ಟು, ಸಾವಿರ ಚದರಡಿಗೆ ಸುಣ್ಣ ಇಷ್ಟು, ರಂಜಕ ನಿಮಗೆ ಬೇಡವೇ ಬೇಡ. ವೋಟು ಹುಟ್ಟುವುದು ಈ ಎರಡನೇ ಭೇಟಿಯಲ್ಲಿ. ಮೊದಲ ಸಲ ಹೋದಾಗ ನಾನು ಚುನಾವಣೆಗೆ ನಿಂತಿದ್ದೇನೆ ಎಂದು ಹೇಳಿ ಸುಮ್ಮನಾಗುತ್ತಿದ್ದೆ, ವೋಟು ಕೇಳುತ್ತಿರಲಿಲ್ಲ. ಎರಡನೇ ಸಲ ಹೊರಡುವಾಗ ಬಾಗಿಲ ಹತ್ರ ಒಂದೇ ಒಂದು ವಾಕ್ಯ. ಆ ವಾಕ್ಯ ಏನು ಅಂತ ಮಾತ್ರ ಕೇಳಬೇಡಿ, 2027ಕ್ಕೆ ನಾನೂ ನಿಲ್ಲಬೇಕು.

ಮನೆಗಳನ್ನು ಆರಿಸಿದ್ದು ಹೇಗೆ ಎಂಬುದನ್ನೂ ಪೂರ್ತಿ ಹೇಳಲ್ಲ. ಒಂದು ಸುಳಿವು ಕೊಡುತ್ತೇನೆ: ರಸ್ತೆ ಕೊನೆಗೊಳ್ಳುವ ಕಲ್-ಡಿ-ಸ್ಯಾಕ್ ಹಿಡಿಯಿರಿ. ಒಬ್ಬರ ಅಂಗಳದಲ್ಲಿ ಬಕೆಟ್ ಹಿಡಿದು ಬಗ್ಗಿದರೆ ಐದು ಮನೆಯವರು ಕಿಟಕಿಯಿಂದ ನೋಡುತ್ತಾರೆ. ಇಬ್ಬರು ಹೊರಗೆ ಬಂದೇ ಬರುತ್ತಾರೆ.

ಮಳೆ ಪೀಪಾಯಿಯ ಪ್ರಯೋಗವೂ ಮಾಡಿದೆ. ಉಪ್ಪಿನಕಾಯಿ, ಆಲಿವ್ ಬಂದ 55 ಗ್ಯಾಲನ್ ಡ್ರಮ್ಮು, ಕೆಳಗೊಂದು ನಲ್ಲಿ, ಮೇಲೊಂದು ಹೆಚ್ಚುವರಿ ನೀರು ಹೋಗುವ ಪೈಪು. ಲೈಬ್ರರಿಯ ರೂಮು ಬುಕ್ ಮಾಡಿ ಮಾಡಿ ತೋರಿಸಿದೆ. ಜನ ಬಂದರು, ಇಷ್ಟಪಟ್ಟರು, ಆಮೇಲೆ ಬಡಾವಣೆಯ ಮನೆ ಮಾಲೀಕರ ಸಂಘಗಳಾದ ಎಚ್‌ಒಎಗಳ ಜೊತೆ ಜಗಳ ಶುರುವಾಯಿತು. ನೀಲಿ ಡ್ರಮ್ಮು ರಸ್ತೆಗೆ ಕಾಣಬಾರದು, ಬಣ್ಣ ಮನೆ ಗೋಡೆಗೆ ಹೊಂದಬೇಕು, ಅರ್ಜಿ ಕೊಡಬೇಕು. ಡ್ರಮ್ಮಿಗೆ ಬಣ್ಣ ಬಳಿಯುವುದರಲ್ಲೇ ಎರಡು ಭಾನುವಾರ ಹಾಳು. ವೋಟಿನ ಲೆಕ್ಕದಲ್ಲಿ ದಂಡ. ಆದರೆ ಆ ಜಗಳಕ್ಕೆ ಹೋದಾಗಲೇ ಮೂರು ನಾಲ್ಕು ಎಚ್‌ಒಎ ಮೀಟಿಂಗ್‌ಗಳಲ್ಲಿ ಹತ್ತತ್ತು ನಿಮಿಷ ಮಾತಾಡುವ ಅವಕಾಶ ಸಿಕ್ಕಿತು, ಅಲ್ಲಿಂದ ಅವರ ನ್ಯೂಸ್‌ಲೆಟರ್‌ಗೆ ಮಣ್ಣು ಪರೀಕ್ಷೆಯ ಬಗ್ಗೆ ಬರೆಯುವ ಕೆಲಸವೂ ಬಂತು.

ಅವರೆಕಾಯಿ ಹಂಚಿದ್ದು ಇನ್ನೊಂದು ಹುಚ್ಚು. ತರಕಾರಿ ಬೆಳೆಯುವ ನಮ್ಮವರಿಗೆ ಬೀಜ ಕೊಟ್ಟೆ. ಬಳ್ಳಿ ಬೇಲಿ ಮುಚ್ಚುವಷ್ಟು ಬಂತು. ಹಗಲು ಚಿಕ್ಕದಾದ ಮೇಲೇ ಹೂ ಬಿಡುವ ನಾಟಿ ತಳಿ ಅದು. ಹೂ ಬಂದು ಕಾಯಿ ಕಚ್ಚುವಷ್ಟರಲ್ಲಿ ಇಬ್ಬನಿ ಹೆಪ್ಪುಗಟ್ಟಿ ಎಲ್ಲಾ ಕರಕಲು. ಹೆಬ್ಬಾಳ ಅವರೆ ಥರ ಹಗಲಿನ ಉದ್ದ ನೋಡದ ತಳಿಯೇ ಬೇಕು ಇಲ್ಲಿಗೆ. ದಂಟು, ಬಸಳೆ ಮಾತ್ರ ಬೇಸಿಗೆಯಲ್ಲಿ ಕೊಯ್ದಷ್ಟೂ ಬರುತ್ತೆ, ಅನುಮಾನವೇ ಬೇಡ.

ಕೌಂಟಿಯ ಪಶ್ಚಿಮಕ್ಕೆ ದನ, ಕುದುರೆ ಸಾಕುವವರ ಜಮೀನುಗಳು. ನಮ್ಮವರು ಯಾರೂ ಅತ್ತ ಹೋಗಲ್ಲ, "ಅವರು ನಿನಗೆ ಹಾಕಲ್ಲ ಬಿಡು" ಅಂದರು. ನಾನು ಹೋದೆ. ದನ ತೊರೆಗೆ ಇಳಿಯದಂತೆ ಬೇಲಿ ಹಾಕಿ, ದೂರದಲ್ಲಿ ನೀರಿನ ತೊಟ್ಟಿ ಮಾಡಿಸುವುದಕ್ಕೆ ಡಿಸ್ಟ್ರಿಕ್ಟ್ ಮೂಲಕ ಖರ್ಚಿನ ಪಾಲು ಸಿಗುತ್ತೆ. ಎಷ್ಟೋ ರೈತರಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು. ಅವರ ತಕರಾರು ಬೇರೆ: ನೆರೆ ಬಂದು ಬೇಲಿ ಕೊಚ್ಚಿಹೋದರೆ ಮತ್ತೆ ಕಟ್ಟುವುದು ಯಾರು? ನನ್ನ ಹತ್ರ ಉತ್ತರ ಇರಲಿಲ್ಲ, ಬರೆದುಕೊಂಡೆ. ಒಬ್ಬ ಮುದುಕಪ್ಪ ನನ್ನ ಕೈ ತಿರುಗಿಸಿ ಉಗುರಿನ ಸಂದಿ ನೋಡಿ, ಮಣ್ಣಿದೆ ಎಂದು ನಕ್ಕು, ಗೇಟಿನ ಹತ್ರ ನನ್ನ ಬೋರ್ಡು ನೆಡಲು ತಾನೇ ಸುತ್ತಿಗೆ ತಂದ. ಆ ರಸ್ತೆಯಲ್ಲಿ ಆ ಒಂದು ಬೋರ್ಡು ನನ್ನ 2019ರ ಇನ್ನೂರು ಬೋರ್ಡಿಗೆ ಸಮ.

ಕಾಗದಪತ್ರದ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಈ ಹುದ್ದೆಗೆ ಹೆಸರು ಬ್ಯಾಲೆಟ್ ಮೇಲೆ ಬರಲು 25 ಮತದಾರರ ಸಹಿ ಸಾಕು. ಅರವತ್ತು ಹಾಕಿಸಿಕೊಳ್ಳಿ, ವಿಳಾಸ ಹೊಂದದೆ ಒಂದಷ್ಟು ಬಿದ್ದೇ ಹೋಗುತ್ತವೆ. ಮನೆ ಬದಲಿಸಿ ಪಟ್ಟಿಯಲ್ಲಿ ಬದಲಿಸದವರು ನಮ್ಮಲ್ಲೇ ಜಾಸ್ತಿ. ಪ್ರತಿ ಸಹಿಯನ್ನೂ ಹಾಳೆ ಹಿಡಿದವರು ಕಣ್ಣಾರೆ ನೋಡಿರಬೇಕು. ಹಾಳೆಯನ್ನು ಆಫೀಸಿನ ಅಡುಗೆಮನೆಯಲ್ಲಿ ಇಟ್ಟು ಬರುವ ಐಡಿಯಾ ಬಿಡಿ.

ಈಗ ದುಡ್ಡು. 2023ರಲ್ಲಿ ಒಟ್ಟು ಸಾವಿರದ ಎಂಟುನೂರು ಡಾಲರ್ ಆಗಿರಬೇಕು. ಬೋರ್ಡು ನೂರರ ಆಸುಪಾಸು, ಎಲ್ಲಾ ಯಾರದೋ ಸ್ವಂತ ಅಂಗಳದಲ್ಲಿ. ಪ್ರೋಬ್, ಬಕೆಟ್ ಸೇರಿ ನೂರು ಡಾಲರ್ ಒಳಗೆ. ಡ್ರಮ್ಮುಗಳಿಗೆ ಇನ್ನೂರೈವತ್ತು, ಅದು ನೀರಿಗೆ ಹಾಕಿದ ದುಡ್ಡು. ಉಳಿದದ್ದು ಪೆಟ್ರೋಲು, ಮುದ್ರಣ. ಅಂಚೆ ಕಾರ್ಡು ಒಂದೂ ಇಲ್ಲ. ಒಂದು ಇನ್ನೂರೈವತ್ತು ಮನೆಯ ಮಣ್ಣು ತೆಗೆದಿರಬಹುದು.

ಇನ್ನೂರೈವತ್ತು ಮನೆಯಿಂದ ಕೌಂಟಿ ಗೆಲ್ಲಲು ಆಗುತ್ತಾ? ಇದನ್ನೇ ಎಲ್ಲರೂ ಕೇಳಿದ್ದು. ಪೂರ್ತಿ ಗೆಲ್ಲಬೇಕಾಗಿಲ್ಲ, ಮೂರನೆಯವನಾದರೆ ಸಾಕು. ಈ ಹುದ್ದೆಗೆ ನಿಂತ ಯಾರಿಗಾದರೂ ಒಂದಷ್ಟು ಸಾವಿರ ವೋಟು ಗುರುತು ಪರಿಚಯ ಇಲ್ಲದೆಯೇ ಬಂದು ಬೀಳುತ್ತವೆ. ಮೂರನೆಯವರಿಗೂ ನಾಲ್ಕನೆಯವರಿಗೂ ಇರುವ ಅಂತರವೇ ಆಟ. ಒಂದು ಮನೆಗೆ ಎರಡು ವೋಟು, ಪಕ್ಕದ ಮನೆಯಲ್ಲಿ ಒಂದು. ಜೊತೆಗೆ ಹತ್ತಿರದವರಿಗೆಲ್ಲ ಒಂದು ಮಾತು ಹೇಳಿದ್ದೆ: ಮೂರು ಗುರುತು ಹಾಕಲೇಬೇಕೆಂದಿಲ್ಲ, ನನಗೊಂದೇ ಹಾಕಿ ಬಿಡಿ. ಉಳಿದ ಎರಡು ವೋಟು ನನ್ನ ಎದುರಾಳಿಗೆ ಹೋಗಿ ನನಗೇ ಹೊಡೆತ ಕೊಡುವುದು ಹೀಗೆ ತಪ್ಪುತ್ತೆ.

ಅದೃಷ್ಟವೂ ಇತ್ತು, ಮುಚ್ಚಿಡುವುದೇನಿದೆ. ಬ್ಯಾಲೆಟ್ ಮೇಲೆ ಪಕ್ಷ ಇಲ್ಲದಿದ್ದರೂ ಮತಗಟ್ಟೆ ಹೊರಗೆ ಪಕ್ಷದವರು ಯಾರಿಗೆ ವೋಟು ಹಾಕಬೇಕೆಂದು ಸೂಚಿಸುವ ತಮ್ಮ ಮಾದರಿ ಬ್ಯಾಲೆಟ್ ಹಂಚುತ್ತಾರೆ. ಆ ವರ್ಷ ಒಂದು ಪಕ್ಷದ ಹಾಳೆಯಲ್ಲಿ ಈ ಹುದ್ದೆಗೆ ಇಬ್ಬರದೇ ಹೆಸರು. ಮೂರನೇ ಗೆರೆ ಖಾಲಿ. ಚುನಾವಣೆಯ ದಿನ ಬೆಳಿಗ್ಗೆ ಆರರಿಂದ ಸಂಜೆ ಏಳರ ತನಕ, ಬಾಗಿಲಿಂದ ನಲವತ್ತು ಅಡಿ ಆಚೆ, ಮೂರು ದೊಡ್ಡ ಮತಗಟ್ಟೆಗಳಲ್ಲಿ ನಾನು, ಹೆಂಡತಿ, ಕಾಲೇಜಿನ ಮಗಳು ಒಬ್ಬೊಬ್ಬರು ನಿಂತೆವು. ನಮ್ಮ ಕೈಯಲ್ಲಿ ಕರಪತ್ರದ ಬದಲು ಮಣ್ಣು ಪರೀಕ್ಷೆಯ ಖಾಲಿ ಡಬ್ಬಿ. "ಓ, ಮಣ್ಣಿನವರು!" ಎಂದು ಗುರುತು ಹಿಡಿದವರು ಎಣಿಸಲಾರದಷ್ಟು. ಎಚ್-1ಬಿಯ ಇಬ್ಬರು ಹುಡುಗರು ವೋಟಿಲ್ಲದಿದ್ದರೂ ರಜೆ ಹಾಕಿ ನಾಲ್ಕನೇ ಮತಗಟ್ಟೆ ಕಾದರು.

ಮೂರನೇ ಸ್ಥಾನ ಬಂತು. ನಾಲ್ಕನೆಯವರಿಗಿಂತ ಮುನ್ನೂರು ಚಿಲ್ಲರೆ ವೋಟು ಜಾಸ್ತಿ. 2024ರ ಜನವರಿಯಿಂದ ಮೀಟಿಂಗ್‌ಗೆ ಹೋಗುತ್ತಿದ್ದೇನೆ. ನೆರೆಗೆ ಕೊಚ್ಚಿಹೋದ ಬೇಲಿಯ ಪ್ರಶ್ನೆಯನ್ನು ಮೊದಲ ಮೀಟಿಂಗ್‌ನಲ್ಲೇ ಎತ್ತಿದೆ, ಅದಕ್ಕೆ ಸಿಕ್ಕ ಉತ್ತರ ತಗೊಂಡು ಪಶ್ಚಿಮದ ಆ ರೈತರ ಹತ್ರ ಮತ್ತೆ ಹೋಗಿ ಬಂದೆ. ಮಣ್ಣು ತೆಗೆಯುವುದನ್ನು ಬಿಟ್ಟಿಲ್ಲ. ಪ್ರೋಬ್ ಬೇಕಾದವರು ಕೇಳಿ, ಎರವಲು ಕೊಡುತ್ತೇನೆ. ಆಗಸ್ಟ್‌ನಲ್ಲಿ ಮಾತ್ರ ಸಿಗಲ್ಲ.