ಕಡಲು ಬಿಸಿಯಾದ ಸುದ್ದಿಯನ್ನು ಕೊಡಗಿನಲ್ಲಿ ಕುಳಿತು ಓದುವ ಬಗೆ

ಎಲ್ ನಿನೊ ಎಂಬ ಹೆಸರು ಪತ್ರಿಕೆಯಲ್ಲಿ ಕಂಡ ದಿನವೇ ಈ ವರ್ಷ ಮಳೆ ಕೈಕೊಟ್ಟಿತು ಎಂದು ತೀರ್ಮಾನಿಸುವ ಕಾಫಿ ಬೆಳೆಗಾರರು ನಮ್ಮಲ್ಲಿ ಕಡಿಮೆಯಿಲ್ಲ. ಇಂಥ ಸುದ್ದಿಯಲ್ಲಿ ಮೊದಲು ಗಮನಿಸಬೇಕಾದದ್ದು ಯಾವ ಸಮುದ್ರದ ನೀರು ವಾಡಿಕೆಗಿಂತ ಎಷ್ಟು ಹೆಚ್ಚು ಬಿಸಿಯಾಗಿದೆ ಎಂಬುದನ್ನು.

ಪೆಸಿಫಿಕ್ ಸಾಗರದಲ್ಲಿ ಸಮಭಾಜಕ ವೃತ್ತದ ಮಧ್ಯ ಮತ್ತು ಪೂರ್ವ ಭಾಗದ ನೀರು ವಾಡಿಕೆಗಿಂತ 0.5 ಡಿಗ್ರಿ ಸೆಲ್ಸಿಯಸ್ ಅಥವಾ ಇನ್ನೂ ಹೆಚ್ಚು ಬೆಚ್ಚಗಾಗಿ ತಿಂಗಳುಗಟ್ಟಲೆ ಹಾಗೆಯೇ ಉಳಿದರೆ ಅದು ಎಲ್ ನಿನೊ. ಆಗ ದಟ್ಟ ಮೋಡಗಳು ಏಳುವ ಜಾಗ ಪೂರ್ವಕ್ಕೆ ಸರಿಯುವುದರಿಂದ ನಮ್ಮ ಮುಂಗಾರು ಸೊರಗುವ ಸಾಧ್ಯತೆ ಹೆಚ್ಚುತ್ತದೆ. ಎಲ್ ನಿನೊ ಇದ್ದ 2023ರ ಆಗಸ್ಟ್, 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್ ಆಗಿತ್ತು. ಆದರೆ 1997ರಲ್ಲಿ ಬಲವಾದ ಎಲ್ ನಿನೊ ಇದ್ದರೂ ದೇಶದ ಮುಂಗಾರು ಮಳೆ ವಾಡಿಕೆಯಷ್ಟೇ ಸುರಿಯಿತು. ಆ ವರ್ಷ ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬೆಚ್ಚಗಾಗಿ ಸುಮಾತ್ರದ ಕಡೆಯ ನೀರು ತಣ್ಣಗಾಗಿ ಮುಂಗಾರಿಗೆ ನೆರವಾಗಿತ್ತು. ಎರಡು ಬದಿಯ ಈ ಬಿಸಿಯ ವ್ಯತ್ಯಾಸವೇ ಇಂಡಿಯನ್ ಓಷನ್ ಡೈಪೋಲ್. ಹೀಗಾಗಿ ಹವಾಮಾನ ಇಲಾಖೆಯು ಏಪ್ರಿಲ್ ಮಧ್ಯದಲ್ಲಿ ಕೊಡುವ ಮುನ್ಸೂಚನೆಯಲ್ಲಿ ಅದರ ಬಗೆಗಿನ ಸಾಲನ್ನೂ ಓದಿ, ಮೇ ಕೊನೆಯ ಪರಿಷ್ಕೃತ ಮುನ್ಸೂಚನೆಯವರೆಗೆ ಕಾಯುವುದು ಲೇಸು.

ಕೊಡಗಿಗೆ ಇವೆರಡಕ್ಕಿಂತ ಹತ್ತಿರದ್ದು ಅರಬ್ಬೀ ಸಮುದ್ರ. ಅದು ಬೆಚ್ಚಗಾದಾಗ ಅದರ ಮೇಲಿನ ಗಾಳಿಯೂ ಬಿಸಿಯಾಗುತ್ತದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಆ ಗಾಳಿ ಬ್ರಹ್ಮಗಿರಿ, ಪುಷ್ಪಗಿರಿ ಸಾಲುಗಳಿಗೆ ತಾಗಿ ಮೇಲೇರಿದಾಗ ವಾರಗಳ ಮಳೆ ಕೆಲವೇ ದಿನಗಳಲ್ಲಿ ಸುರಿದುಬಿಡಬಹುದು. 2019ರ ಜೂನ್‌ನಲ್ಲಿ ದೇಶದಲ್ಲಿ ಮಳೆಯ ತೀವ್ರ ಕೊರತೆಯಿತ್ತು, ಆಗಸ್ಟ್‌ನಲ್ಲಿ ಕೊಡಗಿನ ತೋರ ಗ್ರಾಮದಲ್ಲಿ ಗುಡ್ಡ ಕುಸಿಯಿತು. ಇಡೀ ಋತುವಿನ ಮೊತ್ತ ಇಂಥ ದಿನಗಳ ಸುಳಿವು ಕೊಡುವುದಿಲ್ಲ. ತೋಟದ ಮಳೆಮಾಪಕದಲ್ಲಿ ಇಂಚು, ಸೆಂಟುಗಳಲ್ಲಿ (ಇಂಚಿನ ನೂರನೇ ಒಂದು ಭಾಗ) ಅಳೆದು ಪ್ರತಿದಿನ ಬೆಳಿಗ್ಗೆ ಪುಸ್ತಕದಲ್ಲಿ ಬರೆಯುವ ಅಂಕಿಯ ಪಕ್ಕದಲ್ಲಿ ಹಿಂದಿನ ಮೂರು ದಿನಗಳ ಮೊತ್ತವನ್ನೂ ಬರೆಯಿರಿ. ಅದು ಏರುತ್ತಾ ಹೋದರೆ ಇಳಿಜಾರಿನ ಲೈನ್‌ಮನೆಗಳಲ್ಲಿರುವ (ತೋಟದ ಕಾರ್ಮಿಕರ ಸಾಲುಮನೆಗಳು) ಜನರನ್ನು ಮೊದಲೇ ಸ್ಥಳಾಂತರಿಸಿ. ಕಾಫಿ ಹೂ ಅರಳಿಸುವ ಮಾರ್ಚ್‌ನ ಹೂಮಳೆಗೆ ಮಾತ್ರ ಈ ಕಡಲ ಲೆಕ್ಕವನ್ನು ಹಚ್ಚಬೇಡಿ, ಅದು ಹೆಚ್ಚಾಗಿ ಸ್ಥಳೀಯ ಗುಡುಗು ಮಳೆ.

ಬಿಸಿನೀರಿನ ಪರಿಣಾಮ ಮೀನಿನ ಬುಟ್ಟಿಯಲ್ಲೂ ಕಾಣುತ್ತದೆ. ಮುಂಗಾರಿನಲ್ಲಿ ಕರಾವಳಿಯ ಆಳದಿಂದ ಪೋಷಕಾಂಶಗಳಿರುವ ತಣ್ಣೀರು ಮೇಲೇಳುತ್ತದೆ. ಮೇಲಿನ ಪದರ ಅತಿಯಾಗಿ ಕಾದರೆ ಅದು ಮುಚ್ಚಳದಂತೆ ತಡೆಯುತ್ತದೆ, ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳಾದ ಪ್ಲವಕಗಳು ಕಡಿಮೆಯಾಗಿ ಅವನ್ನೇ ತಿನ್ನುವ ಬೂತಾಯಿ ಮೀನು ಸೊರಗುತ್ತದೆ. ಲಕ್ಷದ್ವೀಪದ ಹವಳಗಳು 1998, 2010 ಮತ್ತು 2016ರಲ್ಲಿ ಬಿಳಿಚಿಕೊಂಡದ್ದೂ ಕಡಲಿನ ಬಿಸಿಯಿಂದಲೇ. ಆದರೂ ವಿರಾಜಪೇಟೆಯಲ್ಲಿ ಬೂತಾಯಿ ದುಬಾರಿಯಾದಾಗಲೆಲ್ಲ ಸಮುದ್ರವನ್ನು ದೂರುವ ಮೊದಲು ಕ್ಯಾಲೆಂಡರ್ ನೋಡಿ: ಜೂನ್ ಮತ್ತು ಜುಲೈನಲ್ಲಿ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ.