ಬಿಸಿನೀರಿನ ಸ್ನಾನ, ತಣ್ಣನೆಯ ಕಾಫಿ ಹಾಲು: ಜಪಾನಿಗೆ ಹೊಸದಾಗಿ ಬಂದವರಿಗೆ

ಟೋಕಿಯೋದ ನಿಶಿಕಸಾಯಿ ಕಡೆಗೆ ಹೊಸದಾಗಿ ಬಂದ ಕನ್ನಡದವರು ಮೊದಲ ವಾರದಲ್ಲೇ ಕೇಳುವ ಮಾತು ಒಂದಿದೆ. "ಇಲ್ಲಿ ಒಳ್ಳೆ ಹಾಲು ಯಾವ್ದು ಸಾರ್? ಕಾಫಿ ಸರಿಯಾಗಿ ಬರ್ತಾನೇ ಇಲ್ಲ." ಅದಕ್ಕೆ ಉತ್ತರ ಕೊಡುತ್ತೇನೆ. ಆದರೆ ಮೊದಲು ನೀವು ಒಂದು ಬಾಟಲಿ ಕಾಫಿ ಹಾಲು ಕುಡಿಯಬೇಕು. ಅದೂ ಮನೆಯಲ್ಲಲ್ಲ, ಸೆಂತೊದಲ್ಲಿ.

ಸೆಂತೊ ಅಂದರೆ ಬೀದಿಯ ಸಾರ್ವಜನಿಕ ಸ್ನಾನದ ಮನೆ. ಟೋಕಿಯೋದಲ್ಲಿ 2024ರ ಆಗಸ್ಟ್‌ನಿಂದ ದೊಡ್ಡವರಿಗೆ 550 ಯೆನ್. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಕಡೆ. ಬಟ್ಟೆ ಪೂರ್ತಿ ತೆಗೆಯಬೇಕು ಅನ್ನುವುದಕ್ಕೆ ನಮ್ಮವರು ತುಂಬಾ ಹಿಂಜರಿಯುತ್ತಾರೆ. ಯಾರೂ ಯಾರನ್ನೂ ನೋಡುವುದಿಲ್ಲ, ಧೈರ್ಯವಾಗಿ ಹೋಗಿ. ಸ್ಟೂಲಿನ ಮೇಲೆ ಕೂತು ಮೈ ಚೆನ್ನಾಗಿ ತೊಳೆದುಕೊಂಡ ಮೇಲೆಯೇ ತೊಟ್ಟಿಗೆ ಇಳಿಯಬೇಕು, ಅದೊಂದನ್ನು ಮರೆಯಬೇಡಿ. ನಮ್ಮೂರ ಬಚ್ಚಲುಮನೆಯ ಹಂಡೆ ನೀರು ನೆನಪಾಗುವಷ್ಟು ಬಿಸಿ ಇರುತ್ತದೆ.

ಹೊರಗೆ ಬಂದರೆ ಗಾಜಿನ ಬಾಗಿಲಿನ ಫ್ರಿಡ್ಜ್. ಅದರೊಳಗೆ ಕಂದು ಬಣ್ಣದ ಹಾಲಿನ ಪುಟ್ಟ ಬಾಟಲಿಗಳು. ನಾನು ಮೊದಲ ಸಲ ತೆಗೆದುಕೊಂಡ ಬಾಟಲಿಗೆ ಕಾಗದದ ಮುಚ್ಚಳ ಇತ್ತು, ಬಾಯಿಯ ಒಳಗೆ ಬಿಲ್ಲೆಯ ಹಾಗೆ ಕೂತಿತ್ತು. ಉಗುರು ಹಾಕಿ ಎಬ್ಬಿಸಲು ನೋಡಿದೆ, ಆಗಲಿಲ್ಲ. ಪಕ್ಕದಲ್ಲಿದ್ದ ಅಜ್ಜ ಒಬ್ಬರು ಮಾತಾಡದೆ ನನ್ನ ಕೈಯಿಂದ ಬಾಟಲಿ ತೆಗೆದುಕೊಂಡರು. ಫ್ರಿಡ್ಜಿಗೆ ದಾರ ಕಟ್ಟಿ ನೇತುಹಾಕಿದ್ದ ಸಣ್ಣ ಸೂಜಿಯನ್ನು ಮುಚ್ಚಳದ ಅಂಚಿಗೆ ಚುಚ್ಚಿ ಮೇಲಕ್ಕೆ ಎತ್ತಿದರು. ಟಪ್ ಅಂತ ಬಂತು. ಎರಡೂ ಕೈಯಲ್ಲಿ ಹಿಡಿದು ನನಗೆ ವಾಪಸ್ ಕೊಟ್ಟರು.

ಅದನ್ನು ಕಾಫಿ ಅಂತ ಕುಡಿದರೆ ನಿಮಗೆ ನಿರಾಸೆ ಆಗುತ್ತದೆ. ಡಿಕಾಕ್ಷನ್ನಿನ ಕಹಿ ಇಲ್ಲ, ಹಬೆ ಇಲ್ಲ, ಸಿಹಿ ಜಾಸ್ತಿ. ಹಾಲು ಅಂತ ಕುಡಿಯಿರಿ. ಬಾದಾಮಿ ಹಾಲಿನಲ್ಲಿ ಬಾದಾಮಿ ಹೇಗೋ ಇದರಲ್ಲಿ ಕಾಫಿ ಹಾಗೆ, ಘಮಕ್ಕೆ ಮಾತ್ರ. ಎಣ್ಣೆನೀರು ಹಾಕಿಕೊಂಡ ದಿನ ನಮ್ಮಜ್ಜಿ ಬಿಸಿ ಮೆಣಸಿನ ಸಾರು ಕೊಡುತ್ತಿದ್ದರು, ತಣ್ಣಗಿನದು ಮುಟ್ಟಿದರೆ ಬೈಯುತ್ತಿದ್ದರು. ಇಲ್ಲಿ ಅದಕ್ಕೆ ಪೂರ್ತಿ ಉಲ್ಟಾ. ಆದರೂ ಆ ಬಿಸಿ ಮೈಗೆ ಆ ತಣ್ಣನೆ ಹಾಲು ಇಳಿಯುವಾಗ ಆಗುವ ಹಿತ ಬಹಳ ದೊಡ್ಡದು.

ಎಲ್ಲರೂ ಬಾಯಲ್ಲಿ ಇದನ್ನು 'ಕೋಹೀ ಗ್ಯೂನ್ಯೂ' ಅನ್ನುತ್ತಾರೆ. ಗ್ಯೂನ್ಯೂ ಅಂದರೆ ಹಸುವಿನ ಹಾಲು. ಆದರೆ ಬಾಟಲಿ ಮೇಲೆ ಆ ಹೆಸರು ಕಾಣುವುದಿಲ್ಲ. 2000ದಲ್ಲಿ ಇಲ್ಲಿ ಕಾರ್ಖಾನೆಯ ಹಾಲಿನಿಂದ 10 ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಅದಾದ ಮೇಲೆ ಹೆಸರಿನ ನಿಯಮ ಬಿಗಿಯಾಯಿತು. ಬರೀ ಹಾಲು, ಬೇರೆ ಏನೂ ಸೇರಿಸಿಲ್ಲ ಅಂದರೆ ಮಾತ್ರ ಗ್ಯೂನ್ಯೂ ಅಂತ ಬರೆಯಬಹುದು. ಕಾಫಿ, ಸಕ್ಕರೆ ಸೇರಿದರೆ ಅದು 'ನ್ಯೂಇನ್‌ರ್ಯೋ', ಅಂದರೆ ಹಾಲಿನ ಪಾನೀಯ. ಹಳೆ ಹೆಸರು ಜನರ ಬಾಯಲ್ಲಿ ಮಾತ್ರ ಉಳಿದಿದೆ.

ಈ ನಿಯಮ ನಿಮಗೆ ಅಂಗಡಿಯಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಹಾಲಿನ ಪೆಟ್ಟಿಗೆಗಳೆಲ್ಲ ನೋಡಲು ಒಂದೇ ಥರ, ಓದಲು ಬರುವುದಿಲ್ಲ ಅಲ್ವಾ? ಪೆಟ್ಟಿಗೆಯ ತಲೆಯ ಮೇಲೆ ಬೆರಳಾಡಿಸಿ. ಬಾಯಿ ತೆರೆಯುವ ಬದಿಯ ಎದುರುಗಡೆ ಅರ್ಧಚಂದ್ರದ ಹಾಗೆ ಒಂದು ಸಣ್ಣ ಕಚ್ಚು ಸಿಕ್ಕರೆ ಅದು ಅಪ್ಪಟ ಹಾಲು. ಕಣ್ಣು ಕಾಣದವರಿಗೆ ಗೊತ್ತಾಗಲಿ ಅಂತ ಮಾಡಿದ ಗುರುತು ಅದು. ಹೊಸಬರಿಗೂ ಅದೇ ದಾರಿ. ಸಸ್ಯಾಹಾರಿಗಳು 'ಝೆರಾಚಿನ್' ಅನ್ನುವ ಪದವನ್ನು ಫೋನಿನಲ್ಲಿ ಇಟ್ಟುಕೊಂಡಿರಿ. ಜೆಲಟಿನ್ನಿಗೆ ಇಲ್ಲಿ ಹಾಗೆ ಅನ್ನುತ್ತಾರೆ, ಕೆಲವು ಸಿಹಿ ಮೊಸರುಗಳಲ್ಲಿ, ಪುಡ್ಡಿಂಗ್‌ಗಳಲ್ಲಿ ಇರುತ್ತದೆ. ಹೆಪ್ಪಿಗೆ ಸಕ್ಕರೆ ಇಲ್ಲದ ಸಾದಾ ಯೋಗರ್ಟ್ ಸಾಕು.

ಇನ್ನು ಮೊದಲ ಪ್ರಶ್ನೆ. ಹಾಲು ತೆಳು ಅಂತ ದೂರುವ ಮುಂಚೆ ಒಂದು ಲೆಕ್ಕ ನೋಡಿ. ನಂದಿನಿ ನೀಲಿ ಪ್ಯಾಕೆಟ್ಟಿನಲ್ಲಿ ಕೊಬ್ಬು ಶೇ. 3. ಇಲ್ಲಿ ಶೇ. 3.6ರ ಹಾಲು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಹಾಗಾಗಿ ಕೊಬ್ಬು ಕಾರಣವಲ್ಲ. ಇಲ್ಲಿನ ಬಹುಪಾಲು ಹಾಲನ್ನು 120–130 ಡಿಗ್ರಿಯಲ್ಲಿ ಎರಡೇ ಸೆಕೆಂಡು ಕಾಯಿಸಿರುತ್ತಾರೆ, ಅದರ ವಾಸನೆಯೇ ಬೇರೆ. ಕೊಬ್ಬನ್ನು ಒಡೆದು ಬೆರೆಸಿರುವುದರಿಂದ ಕೆನೆ ಕಟ್ಟುವುದಿಲ್ಲ. ಊರಲ್ಲಿ ನಾವು ಪಾತ್ರೆಯಲ್ಲಿ ಉಕ್ಕಿಸಿ, ಮತ್ತೆ ಮತ್ತೆ ಕಾಯಿಸಿ ಹಾಲನ್ನು ಗಟ್ಟಿ ಮಾಡಿಕೊಳ್ಳುತ್ತಿದ್ದೆವು, ಇಲ್ಲಿ ಪೆಟ್ಟಿಗೆಯಿಂದ ನೇರ ಲೋಟಕ್ಕೆ ಸುರಿಯುತ್ತೇವೆ. ಸಣ್ಣ ಉರಿಯಲ್ಲಿ ಐದು ನಿಮಿಷ ಕುದಿಸಿ ನೋಡಿ, ಸುಮಾರು ಸರಿಹೋಗುತ್ತದೆ. ಕೆನೆ ಬೇಕೇಬೇಕು ಅನ್ನುವವರು 'ನಾನ್‌ಹೋಮೋ', ಅಂದರೆ ಕೊಬ್ಬು ಒಡೆಯದ ಹಾಲು ಹುಡುಕಿ. ತುಪ್ಪಕ್ಕೆ ಉಪ್ಪಿಲ್ಲದ ಬೆಣ್ಣೆ ತಂದು ಕಾಯಿಸಿ. ಕಾಫಿಪುಡಿ ಮಾತ್ರ ಊರಿಂದಲೇ ತರಿಸಿ, ಇಲ್ಲಿನ ಪುಡಿಯಲ್ಲಿ ಚಿಕೋರಿ ಇರುವುದಿಲ್ಲ.

ಕಾಫಿ ಹಾಲು ಜಪಾನಿನದ್ದು ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ರೋಡ್ ಐಲೆಂಡಿನಲ್ಲಿ ಕಾಫಿ ಸಿರಪ್ ಬೆರೆಸಿದ ಹಾಲು 1993ರಿಂದ ರಾಜ್ಯದ ಅಧಿಕೃತ ಪಾನೀಯ. ಆದರೆ ಅದನ್ನು ಡಬ್ಬಿಗೆ ತುಂಬಿದ ಕಥೆ ಇಲ್ಲಿನದು. ಯುಸಿಸಿ ಅನ್ನುವ ಕಾಫಿ ಕಂಪನಿ ಕಟ್ಟಿದ ಉಎಶಿಮಾ ತದಾವೊ ಒಂದು ಸಲ ರೈಲು ನಿಲ್ದಾಣದಲ್ಲಿ ಬಾಟಲಿ ಕಾಫಿ ಹಾಲು ಕುಡಿಯುತ್ತಿದ್ದರು. ಅಷ್ಟರಲ್ಲಿ ರೈಲು ಹೊರಟಿತು. ಬಾಟಲಿ ಅಂಗಡಿಗೆ ವಾಪಸ್ ಕೊಡಬೇಕು, ಹಾಗಾಗಿ ಅರ್ಧ ಬಿಟ್ಟು ಓಡಬೇಕಾಯಿತು. ಆ ಬೇಸರದಿಂದಲೇ 1969ರಲ್ಲಿ ಹಾಲು ಸೇರಿದ ಡಬ್ಬಿ ಕಾಫಿ ಬಂತು. ಆ ಡಬ್ಬಿಯನ್ನು ಕೈಯಲ್ಲಿ ಹಿಡಿದು ನೋಡಿ. ಮೂರು ಬಣ್ಣ ಇದೆ: ಕಂದು ಹುರಿದ ಬೀಜದ್ದು, ಬಿಳಿ ಕಾಫಿ ಹೂವಿನದ್ದು, ಕೆಂಪು ಹಣ್ಣಿನದ್ದು. ಮೂಡಿಗೆರೆ, ಮಡಿಕೇರಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಕಾಲ್ಪಿಸ್. ನೀರು ಬೆರೆಸಿ ಕುಡಿಯುವ, ಹುಳಿ-ಸಿಹಿ ಹಾಲಿನ ಪಾನೀಯ, 1919ರಿಂದ ಇದೆ. ಸಿಹಿ ಲಸ್ಸಿಯ ತಿಳಿ ಕುಡಿದ ಹಾಗೆ ಇರುತ್ತದೆ. ಚೀನಾದ ಇನ್ನರ್ ಮಂಗೋಲಿಯಾದಲ್ಲಿ ಕುಡಿದ ಹುಳಿ ಹಾಲಿನಿಂದ ಮಿಶಿಮಾ ಕೈಉನ್ ಅವರಿಗೆ ಇದು ಹೊಳೆಯಿತು. ಹೆಸರಿನ ಮೊದಲ ಅರ್ಧ ಕ್ಯಾಲ್ಸಿಯಂ, ಉಳಿದರ್ಧ ಸಂಸ್ಕೃತದ 'ಸರ್ಪಿಸ್'. ಅಂದರೆ ನಮ್ಮ ತುಪ್ಪ! ಬೌದ್ಧರ ಮೂಲಕ ಇಲ್ಲಿಗೆ ಬಂದ ಪದ. ಇದು ಗೊತ್ತಾದ ದಿನ ನನಗೆ ಎಷ್ಟು ಖುಷಿಯಾಯಿತು ಅಂದರೆ ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ.

ಗಾಜಿನ ಬಾಟಲಿಗಳು ಈಗ ಕಡಿಮೆಯಾಗುತ್ತಿವೆ. ದೊಡ್ಡ ಕಂಪನಿಗಳು ಒಂದೊಂದಾಗಿ ನಿಲ್ಲಿಸುತ್ತಿವೆ, ಪ್ಲಾಸ್ಟಿಕ್ಕೂ ಕಾಗದವೂ ಬರುತ್ತಿವೆ. ನಿಮ್ಮ ಬೀದಿಯ ಸೆಂತೊದಲ್ಲಿ ಗಾಜಿನದು ಇನ್ನೂ ಇದ್ದರೆ ಈ ಶನಿವಾರವೇ ಹೋಗಿ. ಟವೆಲ್ ತೆಗೆದುಕೊಂಡು ಹೋಗಿ, ನೂರು ಯೆನ್ ನಾಣ್ಯಗಳು ಜೇಬಿನಲ್ಲಿರಲಿ. ಕುಡಿದಾದ ಮೇಲೆ ಖಾಲಿ ಬಾಟಲಿಯನ್ನು ಫ್ರಿಡ್ಜ್ ಪಕ್ಕದ ಕ್ರೇಟಿನಲ್ಲಿ ಇಟ್ಟು ಬನ್ನಿ.